ತಿಕೋಟಾದಲ್ಲಿ ಆರಿದ ಕೆಂಡ

ತಿಕೋಟಾದ ಮದುವೆಯಲ್ಲಿ ಕೆಂಡ ಆರಿದ್ದು ನನ್ನ ಕೈಯಿಂದಲೇ. ಇದ್ದಿಲು ಮಾರಿದವನದು ಏನೂ ತಪ್ಪಿರಲಿಲ್ಲ. ಇಷ್ಟು ತಿಳಿಯಲು ನನಗೆ ಐದು ದಿನ ಹಿಡಿಯಿತು, ಅದನ್ನು ಬಾಯಿಬಿಟ್ಟು ಹೇಳಲು ಮತ್ತೆರಡು ದಿನ. ಆ ವಾರ ಪೂರ್ತಿ ನಾನು ಒಂದು ಕಡೆ ಕೂತು ಒಂದು ಬಸಿ ಚಹಾ ಕುಡಿದದ್ದಿಲ್ಲ.

ನಾನು ಕಬಾಬ್ ಸುಡುವವಳು. ಸಂಜೆ ಗೋಳಗುಮ್ಮಟದ ಕಡೆ ನಮ್ಮ ಗಾಡಿ ನಿಲ್ಲುತ್ತದೆ. ಮದುವೆ ಊಟಗಳಿಗೆ ಒಬ್ಬ ದೊಡ್ಡ ಬಾವರ್ಚಿ ನನ್ನನ್ನು ಕರೆಸುತ್ತಾನೆ. ಬಿರಿಯಾನಿ, ದಾಲ್ಚಾ ಅವನದು. ಕೆಂಡದ ಮುಂದೆ ಕೂರುವುದು ನನ್ನದು. ಸುತ್ತಲಿನ ಊರುಗಳಲ್ಲಿ ಆ ಜಾಗದಲ್ಲಿ ಕೂರುವ ಹೆಂಗಸು ನಾನೊಬ್ಬಳೇ. ಗಂಡನಿಂದ ಬಂದ ಜಾಗ. ಅವನು ಹೋದ ಮೇಲೆ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಆ ಭಾನುವಾರ ತಿಕೋಟಾಕ್ಕೆ ಇದ್ದಿಲಿನ ಚೀಲಗಳನ್ನು ಹೇರಿಕೊಂಡು ಹೋದೆ. ದೊಡ್ಡ ಕೆಲಸಕ್ಕೆ ನಾವು ಬಳಸುವ ಸಿಗಡಿ ಅಂದರೆ ಆರು ಅಡಿ ಉದ್ದದ ಕಬ್ಬಿಣದ ತೊಟ್ಟಿ, ತಳದಲ್ಲಿ ತೂತುಗಳು. ಆ ತೂತುಗಳಿಂದ ಗಾಳಿ ಮೇಲೆ ಬಂದರೆ ಕೆಂಡ ಉಸಿರಾಡುತ್ತದೆ. ತಳಕ್ಕೆ ಗಾಡಿಯಲ್ಲಿ ಉಳಿದ ಹಳೆಯ ಇದ್ದಿಲು ಹಾಸಿದೆ, ಮೇಲೆ ಹೊಸದು ಸುರಿದೆ, ಯಾವಾಗಲೂ ಮಾಡುವ ಹಾಗೆ. ಮೊದಲನೇ ಪಂಗ್ತಿ ಚೆನ್ನಾಗಿ ಹೋಯಿತು. ಎರಡನೇ ಪಂಗ್ತಿ ಕೂಡುವ ಹೊತ್ತಿಗೆ ಸಿಗಡಿಯ ನಡುವೆ ಕಪ್ಪು ಬಿತ್ತು. ಬೀಸಣಿಗೆ ಬೀಸಿದೆ, ಬೂದಿ ಹಾರಿ ಮಾಂಸಕ್ಕೆ ಮೆತ್ತಿತು. ಹೊಸ ಇದ್ದಿಲು ಸುರಿದೆ. ಹೊಗೆ ಎದ್ದಿತೇ ಹೊರತು ಕೆಂಪಾಗಲಿಲ್ಲ. ತಳದಿಂದ ಚುಂಯ್ ಚುಂಯ್ ಅಂತ ಸದ್ದು ಬರುತ್ತಿತ್ತು. ಕೊಬ್ಬು ಕರಗಿ ತೊಟ್ಟಿಕ್ಕುತ್ತಿದೆ ಅಂದುಕೊಂಡೆ.

ಬಾವರ್ಚಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಖಾಲಾ, ಕಬಾಬ ಸುಡಾಕತ್ತೀರೋ, ಮಲಗಸಾಕತ್ತೀರೋ?"

"ಬೀಸಾಕತ್ತೇನಿ, ಕಾಣಸವಲ್ದೇನು?"

"ಬೀಸೂದು ಕಾಣಸ್ತೈತ್ರಿ. ಬೆಂಕಿ ಕಾಣಸವಲ್ದು."

ಸಲಾಕೆಗಳಿಂದ ಅರೆಬೆಂದ ಮಾಂಸ ಬಿಡಿಸಿ ಅವನು ಗ್ಯಾಸಿನ ಮೇಲೆ ಕಡಾಯಿ ಇಟ್ಟು ಎಣ್ಣೆಯಲ್ಲಿ ಹುರಿದ. ಅದಕ್ಕೂ ಮೊದಲೇ ಒಂದು ಸಾಲಿಗೆ ಹಸಿ ಕಬಾಬ್ ಹೋಗಿಬಿಟ್ಟಿತ್ತು. ಗಂಡಿನ ಕಡೆಯ ಹಿರಿಯನೊಬ್ಬ ತಾಟು ಎತ್ತಿ ಹಿಡಿದು, "ಇದೇನ್ರಿ, ಕಬಾಬೋ ಪಲ್ಯಾನೋ?" ಅಂತ ಎಲ್ಲರಿಗೂ ಕೇಳಿಸುವಂತೆ ಕೇಳಿದ. ನಗು ಬಂತು, ಅವರಿಗೆ.

ಊಟ ಮುಗಿದು ಪಾತ್ರೆಗಳನ್ನು ಹೇರುವಾಗ ಬಾವರ್ಚಿ ಮೆತ್ತಗೆ ಹೇಳಿದ. ಅವನು ಮೆತ್ತಗೆ ಮಾತಾಡಿದರೆ ಹೆದರಬೇಕು.

"ಮುಂದಿನ ಐತವಾರ ಬಬಲೇಶ್ವರದಾಗ ವಲೀಮಾ ಐತಿ. ಕಬಾಬ ಬ್ಯಾರೆ, ಆರು ರಾನ ಬ್ಯಾರೆ. ರಾನಿಗೆ ಮುಂಜಾನಿಂದ ಹೊಗಿ ಕೊಡಬೇಕಂತ ಅವರ ಹಟ. ಅಲ್ಲೂ ಹಿಂಗ ಆದ್ರ ನಾ ಗ್ಯಾಸಿನ ಸಿಗಡಿ ತರಸಂವ."

ರಾನ್ ಅಂದರೆ ಕುರಿಯ ಇಡೀ ತೊಡೆ. ವಲೀಮಾ ಅಂದರೆ ಮದುವೆಯಾದ ಮೇಲೆ ಗಂಡಿನ ಮನೆಯವರು ಹಾಕುವ ಊಟ. ಗ್ಯಾಸಿನ ಸಿಗಡಿ ಬಂದರೆ ಏನಾಗುತ್ತದೆ ಎಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಬಟನ್ ತಿರುವಲು ಯಾರಾದರೂ ಸಾಕು. ನಾನು ಬೇಕಾಗುವುದಿಲ್ಲ.

"ನಂದೇನ ತಪ್ಪಿಲ್ಲ," ಅಂದೆ. "ಇದ್ದಲಿ ಅಂಗಡಿಯಂವ ನೀರ ಹೊಡದ ಕೊಟ್ಟಾನ."

ಯೋಚನೆ ಮಾಡಿ ಹೇಳಿದ ಮಾತಲ್ಲ, ಬಾಯಿಗೆ ಬಂತು. ತೂಕಕ್ಕಾಗಿ ಇದ್ದಿಲಿಗೆ ನೀರು ಚಿಮುಕಿಸುವವರು ಇಲ್ಲದೇ ಇಲ್ಲ, ಹಾಗಾಗಿ ಬಾವರ್ಚಿ ನಂಬಿದ. "ಹಂಗಂದ್ರ ಆ ಅಂಗಡಿ ಬಂದ್," ಅಂದ. "ನನ್ನ ಯಾ ಕೆಲಸಕ್ಕೂ ಅಂವನ ಮಾಲು ಬ್ಯಾಡ. ಬಬಲೇಶ್ವರಕ್ಕ ಇದ್ದಲಿ ನಾ ಕಳಸ್ತೀನಿ."

ಸೋಮವಾರ ಜೋರಾಪುರ ಪೇಟೆಗೆ ಹೋದೆ. ಇದ್ದಿಲು ಮಾರುವವನಿಗೆ ನನ್ನದೇ ವಯಸ್ಸು. ಗಿರಾಕಿ ಕೇಳಲಿ ಬಿಡಲಿ, ಒಂದು ತುಂಡು ಒಡೆದು ಒಳಗೆ ತೋರಿಸಿ ಆಮೇಲೆ ತೂಗುವ ಮನುಷ್ಯ. ನಾನು ಅವನ ಅಂಗಡಿಯ ಮುಂದಿನ ಹಲಗೆಯ ಮೇಲೆ ಹತ್ತಿ ನಿಂತೆ.

"ಯಣ್ಣಾ, ನೀರ ಹೊಡದ ಇದ್ದಲಿ ಮಾರ್ತೀಯಲ್ಲ, ನಾಚಿಕಿ ಬರಂಗಿಲ್ಲೇನು? ನಿನ್ನ ನಂಬಿ ಮಂದಿ ಮುಂದ ಮಾರಿ ಕಳಕೊಂಡೆ!"

ಅವನು ಗಾಬರಿಯಾಗಲಿಲ್ಲ. "ಅಕ್ಕಾ, ಉಳದ ಚೀಲ ತಾ. ಒಡದ ನೋಡೂಣು. ಹಸಿ ಇದ್ರ ಅದನ್ನ ತಲಿ ಮ್ಯಾಲ ಹೊತ್ತು ಪ್ಯಾಟಿ ತುಂಬ ತಿರಗ್ತೀನಿ."

"ಒಡದ ನೋಡೂದೇನೈತಿ? ಕೆಂಡ ತೋರ್ಸ್ಯಾವ ನಿನ್ನ ಬಣ್ಣ!"

ಓಣಿಯ ತುದಿಯಲ್ಲಿ ಇಸ್ತ್ರಿ ಮಾಡುವವನು ಆಗತಾನೇ ಒಂದು ಚೀಲ ತೂಗಿಸಿಕೊಂಡಿದ್ದ. ಅವನ ಇಸ್ತ್ರಿ ಪೆಟ್ಟಿಗೆಯೂ ಇದ್ದಿಲಿನದೇ. "ಹೌದೇನಬೇ? ನನ್ನ ಇಸ್ತ್ರಿ ಯಾಕ ಇಷ್ಟ ಲಗೂನ ತಣ್ಣಗಾಗತೈತಿ ಅನ್ಕೋತಿದ್ದೆ," ಅಂದವನು ಚೀಲ ಅಲ್ಲೇ ಇಳಿಸಿ ಹೋದ. ಇನ್ನಿಬ್ಬರು ಹೆಂಗಸರು ನಿಂತಿದ್ದರು, ಅವರೂ ಹೋದರು. ಅಂಗಡಿಯವನು ತಕ್ಕಡಿಯ ತಟ್ಟೆ ಒರೆಸುತ್ತ ಕೂತ. ನನಗೆ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ.

ಬೈದು ಬಂದರೆ ಬಬಲೇಶ್ವರದ ಕೆಲಸ ಆಗುವುದಿಲ್ಲವಲ್ಲ. ರಾನ್ ಬೇಯಲು ಐದು ತಾಸು ಮುಚ್ಚಳ ತೆಗೆಯದೆ ಒಂದೇ ಸಮ ಕಾಯುವ ಕೆಂಡ ಬೇಕು, ಅದರ ಮೇಲೆ ಕಹಿಯಾಗದ ಹೊಗೆ ಬೇಕು. ಯಾವ ಇದ್ದಿಲು ಎಷ್ಟು ಬಾಳುತ್ತದೆ ಎಂದು ನಲವತ್ತು ವರ್ಷದಿಂದ ನನಗೆ ಗೊತ್ತು ಅಂದುಕೊಂಡಿದ್ದೆ. ತಿಕೋಟಾದ ಮೇಲೆ ಏನೂ ಗೊತ್ತಿಲ್ಲ ಅನ್ನಿಸಿತು. ಎಲ್ಲವನ್ನೂ ಸುಟ್ಟು ನೋಡುವುದೆಂದು ಮಾಡಿದೆ.

ಮಂಗಳವಾರ ಮಾಳಿಗೆಯ ತಗಡಿನ ಚಪ್ಪರದ ಕೆಳಗೆ ಎಣ್ಣೆ ಡಬ್ಬಿ ಕತ್ತರಿಸಿ ಒಂದೇ ಅಳತೆಯ ಸಿಗಡಿಗಳನ್ನು ಮಾಡಿದೆ, ಪ್ರತಿಯೊಂದರ ತಳಕ್ಕೂ ಆರಾರು ತೂತು. ಒಂದೊಂದಕ್ಕೆ ಎರಡೆರಡು ಕಿಲೋ ಇದ್ದಿಲು. ಸೀಮೆಎಣ್ಣೆ ಸೋಕಿಸಲಿಲ್ಲ, ಅದರ ವಾಸನೆ ಮಾಂಸದಿಂದ ಹೋಗುವುದಿಲ್ಲ. ಎರಡೂ ಕಡೆ ಬಾಯಿ ತೆಗೆದ ಡಬ್ಬಿ ನಿಲ್ಲಿಸಿ, ಕೆಳಗೆ ಕಾಗದ ಹೊತ್ತಿಸಿ, ಅದರೊಳಗೆ ಇದ್ದಿಲು ಕೆಂಪು ಮಾಡಿ ಆಮೇಲೆ ಸುರಿದೆ. ಕಾವು ಅಳೆಯುವುದು ಅಂಗೈಯಿಂದ. ಕೆಂಡದ ಮೇಲೆ ಒಂದು ಗೇಣು ಎತ್ತರಕ್ಕೆ ಕೈ ಹಿಡಿದು ಎಣಿಸಬೇಕು. ಎರಡು ಎಣಿಸುವಷ್ಟರಲ್ಲಿ ಕೈ ಹಿಂದೆ ಬಂದರೆ ಬಹಳ ಬಿಸಿ. ನಾಲ್ಕಕ್ಕೆ ಬಂದರೆ ಕಬಾಬಿಗೆ ಸರಿ. ಎಂಟರತನಕ ತಡೆದರೆ ಆ ಕೆಂಡದ ಕಥೆ ಮುಗಿದ ಹಾಗೆ.

ತೊರವಿಯ ಕಡೆ ಕಾಲೇಜಿಗೆ ಹೋಗುವ ಮೊಮ್ಮಗಳು ಬಂದ ಕೂಡಲೇ ವಹಿ ಹಿಡಿದು ಕೂತಳು. ಮೊಬೈಲಿನಲ್ಲಿ ಹೊತ್ತು ನೋಡಿ ಬರೆಯುವುದು ಅವಳದು, ಕೈ ಸುಟ್ಟುಕೊಳ್ಳುವುದು ನನ್ನದು.

"ದಾದಿ, ನಮ್ಮ ಕಾಲೇಜಿನ್ಯಾಗ ಇದಕ್ಕ ಥರ್ಮಾಮೀಟರ್ ಐತಿ."

"ನನ್ನ ಹಂತೇಕ ಕೈ ಐತಿ. ಬರಿ."

ಬಳ್ಳಾರಿ ಜಾಲಿಯ ಇದ್ದಿಲು ಬೇಗ ಹೊತ್ತಿತು, ಚಟಪಟ ಕಿಡಿ ಹಾರಿಸಿತು. ನನ್ನ ಸೆರಗಿಗೆ ಎರಡು ತೂತು ಬಿದ್ದವು. ಒಂದು ತಾಸಿನ ಮೇಲೆ ಸ್ವಲ್ಪ ಹೊತ್ತು ನಡೆದು ಕುಸಿಯಿತು. ತೆಂಗಿನ ಕರಟದ್ದು ಎಲ್ಲಕ್ಕಿಂತ ಬಿಸಿ, ಎರಡು ಎಣಿಸಲಾಗಲಿಲ್ಲ. ಆದರೆ ಒಂದು ತಾಸಿನೊಳಗೇ ಬೂದಿ. ಬುಧವಾರ ದೊಡ್ಡ ಹೋಟೆಲುಗಳಿಗೆ ಬರುವ ಒತ್ತಿದ ಇದ್ದಿಲು ತರಿಸಿದೆ, ಪುಡಿಯನ್ನು ಗಂಜಿಯಲ್ಲಿ ಕಲಸಿ ಅಚ್ಚು ಹಾಕಿದ ಉಂಡೆಗಳು. ಬಾಳಿಕೆಯಲ್ಲಿ ಅದು ಮುಂದೆ, ಎರಡೂವರೆ ತಾಸಿನ ಮೇಲೆ ಹೋಯಿತು. ಆದರೆ ಮೊದಲ ಅರ್ಧ ತಾಸು ಸುಟ್ಟ ಹಿಟ್ಟಿನ ವಾಸನೆ. ಕಾವು ಮಂದ. ಬೂದಿ ಎಷ್ಟು ಬೀಳುತ್ತದೆಂದರೆ ಹೊತ್ತುಹೊತ್ತಿಗೆ ತಟ್ಟಿ ಉದುರಿಸದಿದ್ದರೆ ತಳದ ತೂತು ಮುಚ್ಚಿ ಅದರ ಉಸಿರು ಅದೇ ಕಟ್ಟಿಕೊಳ್ಳುತ್ತದೆ. ಮುಚ್ಚಳ ಹಾಕಿ ಐದು ತಾಸು ಬಿಡುವ ಕೆಲಸಕ್ಕೆ ಯಾರು ತಟ್ಟುತ್ತ ಕೂರುವುದು?

ಕೊನೆಗೆ ಕರಿಜಾಲಿ. ಜೋರಾಪುರ ಪೇಟೆಯವನದು, ತಿಕೋಟಾದಿಂದ ಉಳಿದು ಬಂದ ಚೀಲ. ಇದು ಸಾಯುವುದನ್ನು ನೋಡಬೇಕೆಂದೇ ಕಾದು ಕೂತಿದ್ದೆ. ತುಂಡಿಗೆ ತುಂಡು ಬಡಿದರೆ ಲೋಹದ ಹಾಗೆ ಠಣ್ ಅನ್ನುತ್ತಿತ್ತು. ಹೊತ್ತಲು ಅರ್ಧ ತಾಸು ಸತಾಯಿಸಿತು. ಹೊತ್ತಿದ ಮೇಲೆ ಎರಡು ತಾಸು ನಾಲ್ಕರ ಎಣಿಕೆಯಿಂದ ಅಲುಗಾಡಲಿಲ್ಲ. ಕಿಡಿ ಇಲ್ಲ, ವಾಸನೆ ಇಲ್ಲ, ಬೂದಿ ಒಂದು ಹಿಡಿ.

"ಇದ ಫಸ್ಟ್ ಬಂತು ದಾದಿ," ಅಂದಳು ಮೊಮ್ಮಗಳು.

"ಮತ್ತೊಮ್ಮೆ ಹಚ್ಚು."

ಮತ್ತೊಮ್ಮೆ ಹಚ್ಚಿದೆವು. ಅದೇ ಆಯಿತು. ನಾನು ಎದ್ದು ಮಾಳಿಗೆಯ ಮೇಲೆ ಅತ್ತಿಂದಿತ್ತ ತಿರುಗಿದೆ. ಇದ್ದಿಲು ಕೆಟ್ಟದ್ದಾಗಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಒಳ್ಳೆಯದಾಗಿತ್ತು, ಅದಕ್ಕೇ ಬರಲಿಲ್ಲ. ಇಷ್ಟು ಒಳ್ಳೆಯ ಇದ್ದಿಲು ತಿಕೋಟಾದಲ್ಲಿ ಯಾಕೆ ಸತ್ತಿತು?

ಗುರುವಾರ ಹೊಗೆಯ ಕೆಲಸ ಹಿಡಿದೆ, ಅರ್ಧ ಕೆಲಸಕ್ಕಾಗಿ, ಅರ್ಧ ಮನೆಯಲ್ಲಿ ಕೂರಲಾಗದ್ದಕ್ಕೆ. ದ್ರಾಕ್ಷಿ ಬಳ್ಳಿಯ ಕಡ್ಡಿಯ ಹೊಗೆ ಸಿಹಿ ಎಂದು ಯಾರೋ ಹೇಳಿದ್ದರು. ಬಸ್ಸು ಹತ್ತಿ ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ ಹೋದೆ. ಬೇಸಿಗೆಯಲ್ಲಿ ಕತ್ತರಿಸಿ ಹಾಕಿದ ಕಡ್ಡಿ ಬದುವಿನ ಮೇಲೆ ಒಣಗಿ ಬಿದ್ದಿತ್ತು. ತೋಟದ ಒಡತಿ ಬುಟ್ಟಿ ಕೆಳಗಿಟ್ಟು ಬಂದಳು.

"ಏನ ಬೇಕಾಗಿತ್ತಬೇ?"

"ಒಣ ಕಡ್ಡಿ. ಹೊಗಿ ಹಾಕಾಕ."

"ಸೊಳ್ಳಿಗೇನು?"

"ಮಾಂಸಕ್ಕ."

"ಯವ್ವಾ! ಅದರ ಹೆಸರ ಎತ್ತಬ್ಯಾಡ. ಹುಟ್ಟಿದಾಗಿಂದ ಔಷಧ ಕುಡದಾವು ಈ ಕಡ್ಡಿ. ನಾವು ಒಲಿಗೂ ಹಾಕಂಗಿಲ್ಲ. ನೀ ಮಂದಿಗೆ ಉಣಸಾಕ ಹೊಂಟೀಯಲ್ಲ!"

ಮೂಸಿ ನೋಡಿದೆ. ಅವಳು ಹೇಳಿದ್ದು ಸರಿ. ಬಳ್ಳಿಯ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಬಸ್ಸಿಗೆ ಹೊತ್ತಾಗಿತ್ತು, ಬರಿಗೈಯಲ್ಲಿ ಹೋಗಬೇಕಲ್ಲ ಎಂದು ನಿಂತೆ. ಅವಳಿಗೆ ಕನಿಕರ ಬಂತೋ ಏನೋ, ಬಾವಿಯ ಹತ್ತಿರದ ಪೇರಲ ಗಿಡದಿಂದ ಮುರಿದು ಬಿದ್ದಿದ್ದ ಒಣ ಟೊಂಗೆ ಎಳೆದುಕೊಟ್ಟಳು. "ಇದಕ್ಕ ಯಾರೂ ಏನೂ ಹೊಡದಿಲ್ಲ. ಮಕ್ಕಳು ತಿನ್ನೂ ಗಿಡ." ಟೊಂಗೆ ಕಟ್ಟಿಕೊಳ್ಳುವಾಗ ಕೇಳಿದಳು, "ಹೋದ ಐತವಾರ ನಮ್ಮೂರ ಮದುವ್ಯಾಗ ಯಾರೋ ಮುದಿಕಿ ಹಸಿ ಕಬಾಬ ಕೊಟ್ಲಂತಲ್ಲ, ಗೊತ್ತೇನು?"

"ಗೊತ್ತ. ನಾನ ಆಕಿ."

ಅವಳು ಬಾಯಿಗೆ ಸೆರಗು ಹಿಡಿದಳು. ನಾನು ಟೊಂಗೆ ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ.

ಶುಕ್ರವಾರ ಪೇರಲ ಟೊಂಗೆಯನ್ನು ಬೆರಳುದ್ದ ಕಡಿದೆ. ಕಟ್ಟಿಗೆ ನೆನೆಸಿ ಹಾಕಿದರೆ ಹೊಗೆ ಬಹಳ ಹೊತ್ತು ಬರುತ್ತದೆ ಎಂದು ಗಾಡಿಗಳವರು ಹೇಳುತ್ತಾರೆ. ಅರ್ಧ ನೆನೆಸಿದೆ, ಅರ್ಧ ಒಣಗಿದ್ದನ್ನೇ ಇಟ್ಟೆ. ಒಣಗಿದ್ದು ಕೆಂಡದ ಮೇಲೆ ಬಿದ್ದು ಮುಚ್ಚಳ ಹಾಕಿದ ಸ್ವಲ್ಪ ಹೊತ್ತಿಗೆ ತೆಳ್ಳಗೆ ನೀಲಿ ಹೊಗೆ ಕೊಟ್ಟಿತು. ಒಂದು ತುಂಡು ಮಾಂಸ ಅದರಲ್ಲಿಟ್ಟು ತಿಂದೆ, ಬಾಯಿಗೆ ಹಿತವಾಗಿತ್ತು. ಆಮೇಲೆ ನೆನೆಸಿದ್ದನ್ನು ಹಾಕಿದೆ. ದಪ್ಪ ಬಿಳಿ ಹೊಗೆ ಎದ್ದಿತು, ಕಣ್ಣು ಉರಿಯಿತು, ಮಾಂಸ ಕಹಿಯಾಯಿತು. ಕೆಂಡದ ಮೇಲೆ ಆ ತುಂಡುಗಳು ಕೂತಲ್ಲಿ ಕಪ್ಪು ಬಿತ್ತು. ತಳದಿಂದ ಸದ್ದು ಬಂತು.

ಚುಂಯ್.

ಕೈಯಲ್ಲಿದ್ದ ಚಿಮಟಿಗೆ ಹಿಡಿದುಕೊಂಡೇ ನಿಂತುಬಿಟ್ಟೆ. ಇದು ಕೊಬ್ಬಿನ ಸದ್ದಲ್ಲ. ಕೊಬ್ಬು ಬಿದ್ದರೆ ಚರ್ ಅಂದು ಉರಿ ಏಳುತ್ತದೆ. ಇದು ನೀರಿನ ಸದ್ದು. ತಿಕೋಟಾದಲ್ಲಿ ಕೇಳಿದ್ದು ಇದೇ, ಸಿಗಡಿಯ ತಳದಿಂದ. ತಳದಲ್ಲಿ ಏನು ಹಾಸಿದ್ದೆ?

ಗಾಡಿಯಲ್ಲಿ ದಿನಾ ಉಳಿಯುವ ಕೆಂಡಕ್ಕೆ ನಾನು ಒಂದು ಚೊಂಬು ನೀರು ಸುರಿದು ಆರಿಸುತ್ತೇನೆ. ಮರುದಿನ ಮಾಳಿಗೆಯ ಮೇಲೆ ಹರವಿ ಒಣಗಿಸಿ ಚೀಲಕ್ಕೆ ತುಂಬುತ್ತೇನೆ. ನನ್ನ ಗಂಡ ಹಾಗೆ ಮಾಡುತ್ತಿದ್ದ, ನಾನೂ ಮಾಡುತ್ತ ಬಂದೆ. ಒಮ್ಮೆ ಉರಿದದ್ದು ಎರಡನೇ ಸಲ ಬೇಗ ಹೊತ್ತುತ್ತದೆ, ಅದಕ್ಕೇ ತಳಕ್ಕೆ ಹಾಕುವುದು. ಗಾಡಿಯ ಸಣ್ಣ ಸಿಗಡಿಗೆ ಎರಡು ಹಿಡಿ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಹಂಚಿನ ಹಾಗೆ ಕಾದಿರುತ್ತದೆ. ತಿಕೋಟಾಕ್ಕೆ ಹೋಗುವ ಮುಂಚಿನ ವಾರ ಮೋಡ ಮುಸುಕಿ ಮಳೆ ಹನಿಯುತ್ತಿತ್ತು. ಮತ್ತೆ ಅಲ್ಲಿ ನಾನು ಹಾಸಿದ್ದು ಎರಡು ಹಿಡಿಯಲ್ಲ, ಹೆಚ್ಚುಕಡಿಮೆ ಇಡೀ ಚೀಲ.

ಆ ಚೀಲದ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಹೊರಗಿನಿಂದ ಮುಟ್ಟಿದರೆ ಒಣ. ಎರಡು ಕಿಲೋ ತೂಗಿ ಡಬ್ಬಿ ಸಿಗಡಿಗೆ ಹಾಕಿ ಹಚ್ಚಿದೆ. ಮೇಲ್ಮೈ ಕೆಂಪಾಯಿತು, ಎಂಥ ಚಂದ ಅನ್ನುವಷ್ಟು ಬೇಗ. ಇಪ್ಪತ್ತು ನಿಮಿಷಕ್ಕೆ ಸದ್ದು ಶುರುವಾಯಿತು. ತುಂಡುಗಳು ಒಡೆದು ಪುಡಿಯಾಗಿ ತಳದ ತೂತು ಮುಚ್ಚಿದವು. ಅರ್ಧ ತಾಸಿಗೆ ಎಂಟು ಎಣಿಸಿದರೂ ಕೈ ಹಿಂದೆ ಬರಲಿಲ್ಲ.

ಮೊಮ್ಮಗಳು ಇನ್ನೊಂದು ಪಾಲು ತೂಗಿ ರೊಟ್ಟಿ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದು ತಾಸು ಇಟ್ಟಳು. ಮತ್ತೆ ತೂಗಿದಳು. ಎರಡು ಕಿಲೋದಲ್ಲಿ ಕಾಲು ಕಿಲೋದ ಮೇಲೆ ಇಳಿದಿತ್ತು. ಜೋರಾಪುರ ಪೇಟೆಯ ಹೊಸ ಇದ್ದಿಲನ್ನೂ ಹಾಗೇ ಇಟ್ಟಳು. ತಕ್ಕಡಿಯ ಮುಳ್ಳು ಅಲುಗಿದ್ದು ಒಂದು ಕೂದಲೆಳೆ.

"ಅಂಗಡಿಯಂವ ನೀರ ಹಾಕಿಲ್ಲ ದಾದಿ. ನೀರ ಹಾಕಿದಾಕಿ ಇಲ್ಲೇ ಅದಾಳ."

"ಬಾಯಿ ಮುಚ್ಚು."

"ನೀ ಸೋಮವಾರ ಮುಚ್ಚಿದ್ರ ಚಲೋ ಇತ್ತು."

ಕಪಾಳಕ್ಕೆ ಕೊಡಬೇಕಿತ್ತು. ಕೊಡಲಿಲ್ಲ. ಹುಡುಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಶನಿವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಜೋರಾಪುರ ಪೇಟೆಯ ತಿರುವಿನತನಕ ಹೋದೆ. ಅಂಗಡಿಯವನು ಹಲಗೆಯ ಮೇಲೆ ಒಬ್ಬನೇ ಕೂತಿದ್ದ. ಚೀಲಗಳು ಬಾಗಿಲತನಕ ಜೋಡಿಸಿದ್ದವು. ಇವತ್ತು ಹೇಳಿದರೆ ಸಂಜೆಯೊಳಗೆ ಬಾವರ್ಚಿಯ ಕಿವಿಗೆ ಬೀಳುತ್ತದೆ. ಕೆಟ್ಟದ್ದು ಇದ್ದಿಲಲ್ಲ, ಈ ಮುದುಕಿಯ ಕೈ ಎಂದು ಗೊತ್ತಾದರೆ ನಾಳೆ ಬಬಲೇಶ್ವರಕ್ಕೆ ಗ್ಯಾಸಿನ ಸಿಗಡಿ ಹೋಗುತ್ತದೆ. ತಿರುವಿನಿಂದಲೇ ಹಿಂದೆ ಬಂದೆ. ಇದನ್ನು ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ನನ್ನ ಜಾಗ ಉಳಿಸಿಕೊಳ್ಳಲು ಅವನನ್ನು ಇನ್ನೆರಡು ದಿನ ಹಾಗೇ ಕೂರಿಸಿದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಬಾವರ್ಚಿ ಕಳಿಸಿದ ನಾಲ್ಕು ಚೀಲ ಬಳ್ಳಾರಿ ಜಾಲಿಯದು, ಬೇಗ ಉರಿದು ಬೇಗ ಮುಗಿಯುವಂಥದ್ದು. ಕರಿಜಾಲಿ ನನ್ನ ಬಳಿ ಉಳಿದದ್ದು ಒಂದು ಚೀಲಕ್ಕಿಂತ ಸ್ವಲ್ಪ ಕಡಿಮೆ. ಕಬಾಬಿಗೆ ಬಳ್ಳಾರಿ ಜಾಲಿ ನಡೆಯುತ್ತದೆ. ಪಕ್ಕದ ಡಬ್ಬಿಯಲ್ಲಿ ಕೆಂಪು ಮಾಡುತ್ತ, ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋದರಾಯಿತು. ರಾನಿಗೆ ಕರಿಜಾಲಿಯೇ ಬೇಕು. ಆದರೆ ಎಲ್ಲವನ್ನೂ ಒಮ್ಮೆಲೇ ಕೆಂಪು ಮಾಡಿದರೆ ಎರಡು ತಾಸು, ಹೆಚ್ಚೆಂದರೆ ಮೂರು. ಐದು ಎಲ್ಲಿಂದ ತರುವುದು?

ಉತ್ತರ ಅಟ್ಟದ ಮೇಲೆ ಸಿಕ್ಕಿತು. ಹಳೇ ಮುಚ್ಚಳ ಹುಡುಕುವಾಗ ಬಾಣಂತಿಯ ಸಿಗಡಿ ಕೈಗೆ ತಾಗಿತು. ಇದೇ ಮೊಮ್ಮಗಳು ಹುಟ್ಟಿದಾಗ ಸೊಸೆಯ ಹೊರಸಿನ ಹತ್ತಿರ ಇಡುತ್ತಿದ್ದದ್ದು. ಬೆಳಿಗ್ಗೆ ಒಮ್ಮೆ ಹೊತ್ತಿಸಿ, ಬಾಗಿಲು ತೆರೆದಿಟ್ಟು ಒಳಗೆ ಒಯ್ದರೆ ಮಧ್ಯಾಹ್ನ ದಾಟಿದರೂ ಬೆಚ್ಚಗಿರುತ್ತಿತ್ತು. ಅದರಲ್ಲಿ ಎಲ್ಲ ಕೆಂಡ ಹಚ್ಚುತ್ತಿರಲಿಲ್ಲ. ಹಚ್ಚದ ಇದ್ದಿಲು ಒತ್ತಾಗಿ ಜೋಡಿಸಿ, ನಾಲ್ಕೇ ಕೆಂಡ ಒಂದು ಬದಿಗೆ ಇಟ್ಟು, ಮೇಲೆ ಜರಡಿ ಹಿಡಿದ ಬೂದಿ ಉದುರಿಸುವುದು. ಒಂದರಿಂದ ಇನ್ನೊಂದಕ್ಕೆ ಬೆಂಕಿ ನಿಧಾನ ದಾಟುತ್ತದೆ. ಇದು ನನ್ನ ಅತ್ತೆ ಕಲಿಸಿದ್ದು. ಗಾಡಿಯ ಕೆಲಸ ಗಂಡನದು, ಬಾಣಂತನ ಹೆಂಗಸರದು ಎಂದು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದೆ. ಬೆಂಕಿಗೆ ಆ ಭೇದ ಇರಲಿಲ್ಲ.

ಭಾನುವಾರ ಬೆಳಕು ಹರಿಯುವಾಗಲೇ ಬಬಲೇಶ್ವರದಲ್ಲಿದ್ದೆವು. ಊರಾಚೆ ಎರೆ ಹೊಲದ ಪಕ್ಕದಲ್ಲಿ ಪೆಂಡಾಲು. ರಾನಿಗೆ ಅಡ್ಡ ಮಲಗಿಸಿದ, ಮುಚ್ಚಳವಿರುವ ಕಬ್ಬಿಣದ ಪೀಪಾಯಿ. ಒಂದು ಬದಿಗೆ ಕರಿಜಾಲಿಯ ದೊಡ್ಡ ತುಂಡುಗಳನ್ನು ಸಾಲಾಗಿ ಇಟ್ಟಿಗೆ ಜೋಡಿಸಿದ ಹಾಗೆ ಒತ್ತಿ ಜೋಡಿಸಿದೆ, ನಡುನಡುವೆ ಪೇರಲದ ಒಣ ತುಂಡು. ಸಾಲಿನ ಒಂದೇ ತುದಿಗೆ ಎಂಟು ಕೆಂಡ ಇಟ್ಟೆ. ತೆಳ್ಳಗೆ ಬೂದಿ. ಇನ್ನೊಂದು ಬದಿಗೆ ಆರು ರಾನ್. ಮುಚ್ಚಳ ಹಾಕಿದೆ.

ಬಾವರ್ಚಿ ಇಣುಕಿ ನೋಡಿದ್ದ. "ಎಂಟ ಕೆಂಡ? ಖಾಲಾ, ಇದು ರಾನ. ಉಗರ ಬೆಚ್ಚಗಿನ ನೀರಿನಾಗ ಕೂಸಿನ ಎರಿಯೂದಲ್ಲ."

"ಮುಚ್ಚಳ ತಗದ್ರ ನಿನ್ನ ಕೈ ಮುರೀತೀನಿ."

ಮೊದಲ ತಾಸಿಗೇ ಗಾಳಿ ಎದ್ದಿತು. ಬಯಲು ಊರು, ತಡೆಯುವುದಕ್ಕೆ ಏನೂ ಇಲ್ಲ. ಪೀಪಾಯಿಯ ಕೆಳಗಿನ ತೂತಿನಿಂದ ಗಾಳಿ ನುಗ್ಗಿ ಹೊಗೆ ಬಿಳಿಯಾಯಿತು. ಹೀಗೇ ಬಿಟ್ಟರೆ ಸಾಲೆಲ್ಲ ಒಮ್ಮೆಲೇ ಹೊತ್ತಿ ಎರಡು ತಾಸಿಗೆ ಮುಗಿಯುತ್ತದೆ. ಎರೆ ಮಣ್ಣು ಕಲಸಿ ಮೂರು ತೂತುಗಳಲ್ಲಿ ಎರಡಕ್ಕೆ ಮೆತ್ತಿದೆ, ಗಾಳಿ ಬರುವ ಕಡೆ ಎರಡು ತಗಡು ನಿಲ್ಲಿಸಿದೆ. ಹೊಗೆ ತೆಳ್ಳಗಾಯಿತು, ನೀಲಿಯಾಯಿತು.

ಮೂರನೇ ತಾಸು ಕಷ್ಟದ್ದು. ಪೀಪಾಯಿಯ ಹೊರಮೈ ಮುಟ್ಟಿದರೆ ಕಾವು ಇಳಿದ ಹಾಗಿತ್ತು. ಅತ್ತ ಕಬಾಬಿನ ಸಿಗಡಿಯಲ್ಲಿ ಬಳ್ಳಾರಿ ಜಾಲಿ ಕಿಡಿ ಹಾರಿಸುತ್ತಿತ್ತು, ಇತ್ತ ಪೀಪಾಯಿ ಉಸಿರೇ ಇಲ್ಲದಂತೆ ಕೂತಿತ್ತು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎಷ್ಟು ಸಲ ನಡೆದೆನೋ. ಮುಚ್ಚಳದ ಹಿಡಿಗೆ ಎರಡು ಸಲ ಕೈ ಹೋಯಿತು. ತೆಗೆದರೆ ಇದ್ದ ಕಾವೂ ಹೋಗುತ್ತದೆ, ಗಾಳಿ ಕುಡಿದು ಎಲ್ಲ ಭುಗಿಲ್ಲೆನ್ನುತ್ತದೆ. ಕಿವಿಯನ್ನು ಹತ್ತಿರ ಒಯ್ದು ಆಲಿಸಿದೆ. ಚುಂಯ್ ಇಲ್ಲ. ಬೇರೆ ಯಾವ ಸದ್ದೂ ಇಲ್ಲ. ತೆಗೆಯಲಿಲ್ಲ. ಅರ್ಧ ತಾಸಿನ ಮೇಲೆ ಕಾವು ಪೀಪಾಯಿಯ ನಡುಭಾಗಕ್ಕೆ ಬಂದಿತ್ತು. ಬೆಂಕಿ ಆರಿರಲಿಲ್ಲ, ಸಾಲಿನಲ್ಲಿ ಮುಂದೆ ನಡೆದಿತ್ತು.

ಮೊದಲನೇ ಪಂಗ್ತಿಗೆ ಮುಚ್ಚಳ ತೆಗೆದೆ. ರಾನಿನ ಎಲುಬು ಹಿಡಿದು ಅಲುಗಿಸಿದರೆ ಮಾಂಸ ತಾನೇ ಜಾರಿತು. ಸಾಲಿನ ಕೊನೆಯಲ್ಲಿ ಇನ್ನೂ ಹತ್ತಾರು ತುಂಡು ಕೆಂಡ ಉಳಿದಿತ್ತು. ಕಬಾಬಿನ ಕೆಂಡವೂ ಕೊನೆಯ ಪಂಗ್ತಿಯತನಕ ಆರಲಿಲ್ಲ. ಯಾರೂ ಪಲ್ಯ ಅನ್ನಲಿಲ್ಲ.

ಎಲ್ಲ ಮುಗಿದ ಮೇಲೆ ಬಾವರ್ಚಿ ನನಗೆ ತಾಟು ಹಚ್ಚಿ ತಾನೇ ತಂದುಕೊಟ್ಟ. ಎದುರು ಕೂತು ಹೇಳಿದ, "ನೋಡ್ರಿ ಖಾಲಾ, ಆ ಜೋರಾಪುರ ಪ್ಯಾಟಿ ಕಳ್ಳನ ಬಿಟ್ಟದ್ದ ಚಲೋ ಆತು. ಇನ್ನೂ ಇಬ್ಬರ ಅಡಗಿಯವರಿಗೆ ಹೇಳೇನಿ, ಅಂವನ ಹಂತೇಕ ಹೋಗಬ್ಯಾಡ್ರಿ ಅಂತ."

ತುತ್ತು ಬಾಯಿಯಲ್ಲಿತ್ತು. ನುಂಗಿದೆ. ಇಲ್ಲಿಯವರೆಗೆ ಬಂದಾಗಿತ್ತು, ಸುಮ್ಮನಿದ್ದರೆ ನನ್ನ ಜಾಗ ಭದ್ರ. ಇಬ್ಬರು ಅಡಿಗೆಯವರು ಅಂದನಲ್ಲ, ಅದು ಕಿವಿಯಲ್ಲಿ ಕೂತಿತು.

"ಅಂವ ಕಳ್ಳ ಅಲ್ಲ," ಅಂದೆ. "ಇವತ್ತು ರಾನ ಸುಟ್ಟದ್ದು ಅಂವನ ಇದ್ದಲಿ ಮ್ಯಾಲ. ತಿಕೋಟಾದಾಗ ನೀರ ಹಾಕಿದ್ದು ನಾ. ಗಾಡಿದು ಆರಸಿದ್ದ ಇದ್ದಲಿ, ಒಣಗಿದ್ದಿಲ್ಲ, ತಳಕ್ಕ ಹಾಸಿದ್ದೆ."

ಅವನು ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡ.

"ಈಗ್ಯಾಕ ಹೇಳ್ತೀರಿ? ಕೆಲಸ ಚಂದ ಆತಲ್ಲ."

"ಆತಂತನ ಹೇಳಾಕತ್ತೇನಿ. ಆಗದಿದ್ರ ಹೇಳ್ತಿದ್ದಿಲ್ಲ."

ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. "ಮುಂದಿಂದಕ್ಕ ಹೇಳಿ ಕಳಸ್ತೀನಿ," ಎಂದು ಎದ್ದ. ನನ್ನನ್ನು ಕರೆಯುತ್ತೇನೆ ಅಂದನೋ, ಬೇಡ ಎಂದು ಹೇಳಿ ಕಳಿಸುತ್ತೇನೆ ಅಂದನೋ, ಇದನ್ನು ಬರೆಯುವ ಹೊತ್ತಿಗೂ ತಿಳಿದಿಲ್ಲ. ಪೀಪಾಯಿಯಲ್ಲಿ ಉಳಿದ ಕೆಂಡಕ್ಕೆ ಅಭ್ಯಾಸಬಲದಿಂದ ಚೊಂಬು ಎತ್ತಿದ್ದೆ. ಕೆಳಗಿಟ್ಟು ಮುಚ್ಚಳ ಹಾಕಿದೆ, ತೂತುಗಳಿಗೆಲ್ಲ ಮಣ್ಣು ಮೆತ್ತಿದೆ. ಗಾಳಿ ಸಿಗದೆ ಅದು ತಾನೇ ಆರಿತು, ನೀರು ಸೋಕದೆ, ಒಣಗಿದ್ದ ಹಾಗೆಯೇ.

ಮರುದಿನ ಬೆಳಿಗ್ಗೆ, ಪೇಟೆ ತುಂಬುವ ಹೊತ್ತು ನೋಡಿ ಹೊರಟೆ. ಮೊದಲು ಓಣಿಯ ತುದಿಗೆ ಹೋಗಿ ಇಸ್ತ್ರಿಯವನನ್ನು ರಟ್ಟೆ ಹಿಡಿದು ಎಬ್ಬಿಸಿದೆ. "ಅಂಗಿ ಸುಡ್ತಾವಬೇ, ಬಿಡು!" ಅಂದ. ಬಿಡಲಿಲ್ಲ. ಅಂಗಡಿಯ ಮುಂದೆ ಅವನನ್ನು ನಿಲ್ಲಿಸಿ ಅದೇ ಹಲಗೆ ಹತ್ತಿದೆ. ಹಿಂದಿನ ಸೋಮವಾರ ಎಷ್ಟು ಗಂಟಲು ತೆಗೆದಿದ್ದೆನೋ ಅಷ್ಟೇ ತೆಗೆದೆ.

"ಈತ ಇದ್ದಲಿಗೆ ನೀರ ಹಾಕಿಲ್ಲ! ನಾ ನನ್ನ ಕೈಯಾರೆ ಹಾಕಿ ತಪ್ಪ ಈತನ ಮ್ಯಾಲ ಹೊರಸಿದ್ದೆ! ಸುಳ್ಳು ಹೇಳಿದಾಕಿ ನಾನು!"

ನಾಲ್ಕು ಜನ ನಿಂತರು. ಅಂಗಡಿಯವನು ತಲೆ ಎತ್ತಿದ. "ಅಕ್ಕಾ, ಕೆಳಗ ಇಳಿ. ಹಲಗಿ ಮುರೀತೈತಿ."

ಇಳಿದೆ. ಅವನ ಚೀಲದಿಂದ ಒಂದು ದೊಡ್ಡ ತುಂಡು ತೆಗೆದು ಕಲ್ಲಿಗೆ ಬಡಿದು ಎರಡು ಮಾಡಿದೆ, ಒಡೆದ ಮೈಯನ್ನು ಇಸ್ತ್ರಿಯವನ ಮೂಗಿನ ಕೆಳಗೆ ಹಿಡಿದೆ.

"ನೋಡು. ಹಸಿ ವಾಸನಿ ಬರ್ತೈತೇನು?"

ಮೂಸಿದ. ಬೆರಳಿಂದ ತಿಕ್ಕಿ ನೋಡಿದ. ಆಮೇಲೆ ಒಂದು ಚೀಲ ಎಳೆದು ತಕ್ಕಡಿಯ ಮೇಲಿಟ್ಟ.